ಕುರುಗೋಡಿನ ಕಂಬದ ಮೇಲೊಂದು ಸೊನ್ನೆ

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುತ್ತೇವೆ. ಹಳೆಯ ಗುಡಿಗಳ ಫೋಟೊ ತೆಗೆಯುವವರಿಗೆ ಇದು ಗೇಲಿಯ ಮಾತಲ್ಲ. ಕುರುಗೋಡಿನ ಸುತ್ತಮುತ್ತ ಕಲ್ಲುಗುಡಿಗಳು ಬಹಳ. ದೊಡ್ಡಬಸವೇಶ್ವರನ ಗುಡಿಗೆ ಜನ ಹೋಗುತ್ತಾರೆ, ಆ ಏಕಶಿಲೆಯ ಭಾರಿ ಬಸವಣ್ಣನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಉಳಿದ ಸಣ್ಣ ಗುಡಿಗಳಿಗೆ ಹೋಗುವವರು ಕುರಿ ಕಾಯುವವರು, ಇಸ್ಪೀಟು ಆಡುವವರು ಮತ್ತು ನನ್ನಂಥ ಪಿಎಚ್‌ಡಿ ವಿದ್ಯಾರ್ಥಿಗಳು.

ಅಂಥದೊಂದು ಗುಡಿಯ ಬಾಗಿಲ ಪಕ್ಕದ ಕಂಬದ ಮೇಲೆ ಎರಡು ಸಾಲು ಅಕ್ಷರಗಳಿವೆ. ಬಹುಪಾಲು ಸವೆದಿವೆ. ಹಿಂದೆ ಯಾವಾಗಲೋ ಯಾರೋ ಸುಣ್ಣ ಬಳಿದಿದ್ದಾರೆ, ಮತ್ತೆ ಯಾರೋ ಅದನ್ನು ಕೆರೆದಿದ್ದಾರೆ. ಕಂಬದ ಅರ್ಧ ಮುಖಕ್ಕೆ ಬಾಗಿಲ ಬಿಸಿಲು ಬೀಳುತ್ತದೆ, ಇನ್ನರ್ಧ ಕತ್ತಲೆ. ಕ್ಯಾಮೆರಾವನ್ನು ಬಿಸಿಲಿಗೆ ಹೊಂದಿಸಿದರೆ ನೆರಳಿನ ಅಕ್ಷರಗಳು ಕಾಡಿಗೆಯಲ್ಲಿ ಮುಳುಗುತ್ತವೆ. ನೆರಳಿಗೆ ಹೊಂದಿಸಿದರೆ ಬಿಸಿಲಿನ ಅಕ್ಷರಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ಸಿರುಗುಪ್ಪ ಮತ್ತು ಕುರುಗೋಡು ಸೀಮೆಯ ಬಿಡಿ ಶಾಸನಗಳು ನನ್ನ ಸಂಶೋಧನೆಯ ವಿಷಯ. ಪ್ರಕಟವಾದ ದೊಡ್ಡ ಶಾಸನಗಳ ಆಚೆ, ಕಂಬ, ತೊಲೆ, ಹೊಸ್ತಿಲುಗಳ ಮೇಲೆ ಉಳಿದ ಇಂಥ ತುಣುಕುಗಳನ್ನು ಹುಡುಕಿಕೊಂಡು ಎರಡು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ.

ಬಳ್ಳಾರಿಯಲ್ಲಿ ಮದುವೆ ಆಲ್ಬಂ ಮಾಡುವ ಗೆಳೆಯನೊಬ್ಬನಿದ್ದಾನೆ, ಪಿಯುಸಿಯಲ್ಲಿ ನನ್ನ ಜೊತೆ ಓದಿದವನು. ನನ್ನ ಫೋಟೊಗಳನ್ನು ನೋಡಿ ನಕ್ಕ. "ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊಂತಿ? ಎಚ್‌ಡಿಆರ್ ಹೊಡಿ. ಬಿಸ್ಲೂ ಬರ್ತೈತಿ, ನೆಳ್ಳೂ ಬರ್ತೈತಿ" ಅಂದ. ಅವನ ಅಂಗಡಿಯ ಕಂಪ್ಯೂಟರಿನಲ್ಲಿ ಮದುಮಗಳ ಸೀರೆಯ ಜರಿಯ ಎಳೆಯೂ ಅವಳ ಹಿಂದಿನ ಆಕಾಶದ ಮೋಡವೂ ಒಂದೇ ಸಮ ಹೊಳೆಯುತ್ತಿದ್ದವು. ಆಕಾಶಕ್ಕೆ ಅಷ್ಟು ನೀಲಿ ನಮ್ಮ ಊರಲ್ಲಿ ಯಾವತ್ತೂ ಇರಲಿಲ್ಲ. ಆದರೂ ಆಸೆಯಾಯಿತು. ಅವನೇ ಒಂದು ಉಚಿತ ತಂತ್ರಾಂಶವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ.

ಎಚ್‌ಡಿಆರ್, ಅಂದರೆ ಹೈ ಡೈನಮಿಕ್ ರೇಂಜ್, ಹೇಳಲು ಸರಳ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಗುಡಿಯ ಒಳಮೂಲೆಯಲ್ಲಿ 10 ಲಕ್ಸ್ ಎಂದಿಟ್ಟುಕೊಂಡರೆ ವ್ಯತ್ಯಾಸ ಹತ್ತು ಸಾವಿರ ಪಟ್ಟು. ನಾವು ವಾಟ್ಸಾಪಿನಲ್ಲಿ ಕಳಿಸುವ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ. ಆದ್ದರಿಂದ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕದಲದಂತೆ ನಿಲ್ಲಿಸಿ, ಒಂದೇ ನೋಟವನ್ನು ಬೇರೆ ಬೇರೆ ಎಕ್ಸ್‌ಪೋಶರಿನಲ್ಲಿ ಮೂರೋ ಐದೋ ಸಲ ತೆಗೆಯುವುದು. ಕತ್ತಲೆಯ ವಿವರವನ್ನು ಒಂದರಿಂದ, ಬಿಸಿಲಿನ ವಿವರವನ್ನು ಇನ್ನೊಂದರಿಂದ ಆಯ್ದು ತಂತ್ರಾಂಶ ಒಂದು ಚಿತ್ರ ಕಟ್ಟುತ್ತದೆ. ಹೀಗೆ ಕಟ್ಟಿದ್ದನ್ನು ಸಾಮಾನ್ಯ ಪರದೆ ತೋರಿಸಲಾರದು. ಹಾಗಾಗಿ ಎರಡನೆಯ ಹಂತವೊಂದಿದೆ, ಟೋನ್ ಮ್ಯಾಪಿಂಗ್: ಆ ಹತ್ತು ಸಾವಿರ ಪಟ್ಟಿನ ವ್ಯತ್ಯಾಸವನ್ನು 256 ಮೆಟ್ಟಿಲುಗಳೊಳಗೆ ಮಡಚಿ ತುರುಕುವುದು. ನನ್ನ ಕಥೆ ಕೆಟ್ಟದ್ದು ಈ ಮಡಿಕೆಯಲ್ಲಿ.

ಇದೇನೂ ಕಂಪ್ಯೂಟರ್ ಯುಗದ ಯೋಚನೆಯಲ್ಲ. 1856-57ರ ಹೊತ್ತಿಗೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ತನ್ನ ಕಡಲ ಚಿತ್ರಗಳಲ್ಲಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಹಾಳೆಯ ಮೇಲೆ ಮುದ್ರಿಸಿದ್ದ. ಆಮೇಲೆ ಅಮೆರಿಕದ ಚಾರ್ಲ್ಸ್ ವಿಕಾಫ್ ಅಣುಬಾಂಬಿನ ಸ್ಫೋಟವನ್ನು ಹಿಡಿಯಲು ಬೇರೆ ಬೇರೆ ಸಂವೇದನೆಯ ಮೂರು ಪದರಗಳ ಫಿಲಂ ಮಾಡಿದ. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್, ಸಾಧಾರಣ ಕ್ಯಾಮೆರಾದ ಕೆಲವು ಫೋಟೊಗಳಿಂದಲೇ ನಿಜದ ಬೆಳಕಿನ ಅಳತೆಯನ್ನು ಲೆಕ್ಕ ಹಾಕಿ ಪಡೆಯುವ ದಾರಿ ತೋರಿಸಿದರು. ಮಲಿಕ್ ಕಾನ್ಪುರದ ಐಐಟಿಯಲ್ಲಿ ಓದಿದವರು. ಇಂದು ನಮ್ಮ ಫೋನು ನಮ್ಮನ್ನು ಕೇಳದೆಯೇ ಇಂಥ ಕೆಲಸ ಮಾಡಿ ಮುಗಿಸುತ್ತದೆ.

ಕುರುಗೋಡಿನ ಕಂಬವನ್ನು ಐದು ಎಕ್ಸ್‌ಪೋಶರಿನಲ್ಲಿ ತೆಗೆದೆ. ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಕೂತು ಜೋಡಿಸಿದೆ. ತಂತ್ರಾಂಶದಲ್ಲಿ ಟೋನ್ ಮ್ಯಾಪಿಂಗಿನ ವಿಧಾನಗಳು ಅವನ್ನು ರೂಪಿಸಿದವರ ಹೆಸರಿನಲ್ಲೇ ಸಾಲಾಗಿ ಕೂತಿದ್ದವು: ರೈನ್‌ಹಾರ್ಡ್, ಫತ್ತಾಲ್, ಮಾಂಟಿಯುಕ್. ಒಂದೊಂದನ್ನೇ ಒತ್ತಿ ನೋಡಿದೆ. ರೈನ್‌ಹಾರ್ಡ್ ಸೌಮ್ಯ. ಮಿಕ್ಕವುಗಳಲ್ಲಿ ಸ್ಥಳೀಯ ಕಾಂಟ್ರಾಸ್ಟಿನ ಗುಂಡಿಯನ್ನು ಬಲಕ್ಕೆ ಎಳೆದಷ್ಟೂ ಕಲ್ಲು ಜೀವ ತಳೆಯಿತು. ಕಂಬದ ಒಂದೊಂದು ಕಣವೂ ಎದ್ದು ಬಂತು. ಕತ್ತಲಿನಲ್ಲಿದ್ದ ಅಕ್ಷರಗಳು ಬೂದುಬಣ್ಣದಲ್ಲಿ ಮೇಲೆದ್ದವು. ಮೊದಲ ಸಾಲಿನ ಕೊನೆಯಲ್ಲಿ ಸಿ, ಅದರ ಮುಂದೆ ಮೇಲುಗಡೆ ಒಂದು ಪುಟ್ಟ ಉಂಗುರ, ಆಮೇಲೆ ದ. ಸಿಂದ.

ಇದರಿಂದ ನನಗೆ ನಿದ್ದೆ ಏಕೆ ಬರಲಿಲ್ಲ ಎಂಬುದನ್ನು ಹೇಳಬೇಕು. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡು ಒಂದು ರಾಜಧಾನಿ. ನಾಗವಂಶದವರೆಂದು ಹೇಳಿಕೊಂಡ ಸಿಂದರ ಹಲವು ಕವಲುಗಳಲ್ಲಿ ಒಂದು ಇಲ್ಲಿಂದ ಬಲ್ಲಕುಂದೆ ಮುನ್ನೂರನ್ನು ಆಳುತ್ತಿತ್ತು, ಕಲ್ಯಾಣದ ಚಾಲುಕ್ಯರ ಕೈಕೆಳಗೆ. ರಾಚಮಲ್ಲನೆಂಬ ಅರಸನ ಕಾಲದ ಕುರುಗೋಡಿನ ಶಾಸನವನ್ನು ಎಲ್.ಡಿ. ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿದ್ದಾರೆ. ಈ ಸಿಂದರ ಬಗ್ಗೆ ನಮಗೆ ಗೊತ್ತಿರುವುದು ಬಹುಮಟ್ಟಿಗೆ ಇಂಥ ಕೆಲವು ದೊಡ್ಡ ಶಾಸನಗಳಿಂದ. ಹೆಸರೇ ಇಲ್ಲದ ಗುಡಿಯೊಂದರ ಕಂಬದ ಮೇಲೆ, ಯಾರೂ ಪಟ್ಟಿ ಮಾಡದ ಎರಡು ಸಾಲಿನಲ್ಲಿ ಸಿಂದ ಎಂಬ ಪದ ಸಿಕ್ಕರೆ ಆ ಗುಡಿಯ ಕಾಲ, ಅದನ್ನು ಕಟ್ಟಿಸಿದವರ ನಂಟು, ನನ್ನ ಮೂರನೆಯ ಅಧ್ಯಾಯ, ಎಲ್ಲಕ್ಕೂ ಆಧಾರ ಸಿಕ್ಕಂತೆ. ಬೆಳಗಿನ ಜಾವದ ಹೊತ್ತಿಗೆ ಆ ಅಧ್ಯಾಯಕ್ಕೆ ನಾಲ್ಕು ಪುಟ ಸೇರಿಸಿದ್ದೆ. ಒಂದು ವಿಚಾರ ಸಂಕಿರಣಕ್ಕೆ ಪ್ರಬಂಧದ ಸಾರಾಂಶವನ್ನೂ ಬರೆದಿಟ್ಟೆ.

ನನ್ನ ಮಾರ್ಗದರ್ಶಕರು ಪರದೆಯ ಮೇಲಿನ ಚಿತ್ರವನ್ನು ತುಸು ಹೊತ್ತು ನೋಡಿದರು. "ಫೋಟೊ ಚೆನ್ನಾಗಿದೆ. ಪಡಿಯಚ್ಚು ಎಲ್ಲಿ?" ಎಂದರು.

ಪಡಿಯಚ್ಚು ತೆಗೆದಿರಲಿಲ್ಲ. ತೆಗೆಯುವುದು ಗೊತ್ತಿಲ್ಲದೇ ಏನಲ್ಲ. ಕಲ್ಲನ್ನು ನೀರು ಹಾಕಿ ಕುರ್ಚಿಯಿಂದ ಉಜ್ಜಬೇಕು, ಒದ್ದೆ ಕಾಗದ ಹಾಸಬೇಕು, ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುವ ತನಕ ಕುರ್ಚಿಯಿಂದ ಬಡಿಯಬೇಕು, ಆಮೇಲೆ ಮಸಿಯ ಉಂಡೆಯನ್ನು ಮೆಲ್ಲಗೆ ತಟ್ಟುತ್ತ ಹೋಗಬೇಕು. ಉಬ್ಬಿದ ಕಡೆ ಮಸಿ ಹಿಡಿಯುತ್ತದೆ, ತಗ್ಗಿನ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕುರುಗೋಡಿನ ಗಾಳಿಗೆ ಒದ್ದೆ ಕಾಗದ ಒಣಗಿ ಹಾರಿಹೋಗುತ್ತದೆ, ಕೈ ಮುಖ ಎಲ್ಲ ಮಸಿ, ಕೊನೆಯ ಬಸ್ಸಿನಲ್ಲಿ ಪಕ್ಕದ ಸೀಟಿನವರು ಸರಿದು ಕೂರುತ್ತಾರೆ. ಆ ತಾಪತ್ರಯ ತಪ್ಪಿಸಿಕೊಳ್ಳಲೆಂದೇ ನಾನು ತಂತ್ರಾಂಶದ ಮೊರೆ ಹೋಗಿದ್ದೆ. ಬೆಳಕು ಎಷ್ಟಿದೆ ಎಂಬುದು ಪಡಿಯಚ್ಚಿಗೆ ಬೇಕಿಲ್ಲ. ಅದು ಕಲ್ಲನ್ನು ಮುಟ್ಟಿ ಓದುತ್ತದೆ. ಬಾರ್ನೆಟ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಕರ್ನಾಟಕದ ಎಷ್ಟೋ ಶಾಸನಗಳನ್ನು ಓದಿದ್ದು ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದ ಮಸಿಯಚ್ಚುಗಳಿಂದ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಮದರಾಸಿನದು. ಹಾಗಾಗಿ ನಮ್ಮ ಊರ ಕಲ್ಲುಗಳು 1939ರಲ್ಲಿ ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಒಂಬತ್ತನೆಯ ಸಂಪುಟದಲ್ಲಿ, ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳು ಎಂಬ ಹೆಸರಿನಡಿ ಸಿಗುತ್ತವೆ.

ಮತ್ತೆ ಕುರುಗೋಡಿಗೆ ಹೋದೆ. ಈ ಸಲ ಕಾಗದ, ಮಸಿ, ಕುರ್ಚಿ ಎಲ್ಲ ಇದ್ದವು. ಸಂಜೆ ನಾಲ್ಕು ದಾಟಿತ್ತು. ಪಕ್ಕದ ಮನೆಯ ಹುಡುಗನೊಬ್ಬ ಜೊತೆಗೆ ಬಂದ, ಆರನೆಯ ಕ್ಲಾಸಿನವನು. ನಾನು ಕಲ್ಲಿಗೆ ನೀರು ಚಿಮುಕಿಸಲು ಹೊರಟಾಗ ಕಂಬದಿಂದ ಹಲ್ಲಿಯೊಂದು ಸರಿದು ಹಿಂದಕ್ಕೆ ಹೋಯಿತು. ಹುಡುಗ ನನ್ನ ಫೋನು ಇಸಿದುಕೊಂಡು ಟಾರ್ಚ್ ಹಾಕಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ, ಬೆಳಕನ್ನು ಕಂಬದ ಮೈಗುಂಟ ಬಿಟ್ಟ. "ಅಕ್ಕಾ, ಇಲ್ಲೇ ಐತಿ ನೋಡು, ಬಾಲ ಕಾಣ್ತೈತಿ."

ಹಲ್ಲಿಯ ಬಾಲ ನಾನು ನೋಡಲಿಲ್ಲ. ಅಡ್ಡ ಬಿದ್ದ ಆ ಬೆಳಕಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಬದಿ ಕತ್ತಲು, ಒಂದು ಬದಿ ಹೊಳಪು ಬಂದಿತ್ತು. ಸಿ ಇತ್ತು. ದ ಇತ್ತು. ಅವುಗಳ ನಡುವೆ ಸೊನ್ನೆ ಇರಲಿಲ್ಲ. ಅಲ್ಲಿ ಇದ್ದದ್ದು ಕಲ್ಲಿನ ಒಂದು ಹಳ್ಳ, ಮಳೆಗೋ ಉಳಿಯ ಏಟಿಗೋ ಎದ್ದುಹೋದ ಚಕ್ಕೆಯ ಜಾಗ. ಹಳ್ಳದ ಅಂಚಿಗೆ ಹಳೆಯ ಸುಣ್ಣ ಅಂಟಿಕೊಂಡಿತ್ತು. ಕೆತ್ತಿದ ಗೆರೆಗೆ ಇರುವ ಎರಡು ದಡ ಅದಕ್ಕಿರಲಿಲ್ಲ. ಕಪ್ಪು ಹಳ್ಳ, ಸುತ್ತ ಬಿಳಿ ಸುಣ್ಣ: ಪಕ್ಕಪಕ್ಕದ ಬಣ್ಣಗಳ ವ್ಯತ್ಯಾಸವನ್ನು ಹಿಗ್ಗಿಸು ಎಂದು ನಾನು ಹೇಳಿದ್ದೆ, ತಂತ್ರಾಂಶ ಹಿಗ್ಗಿಸಿತ್ತು. ಕಪ್ಪಿನ ಸುತ್ತ ಬೆಳಕಿನ ಒಂದು ಪ್ರಭೆ ಹಬ್ಬಿಸುವುದು ಟೋನ್ ಮ್ಯಾಪಿಂಗಿಗೆ ಇರುವ ಹಳೆಯ ಚಟ. ಸುಣ್ಣವೂ ಪ್ರಭೆಯೂ ಸೇರಿ ಅಚ್ಚುಕಟ್ಟಾದ ಅನುಸ್ವಾರವಾಗಿತ್ತು. ತಂತ್ರಾಂಶಕ್ಕೆ ಸಿಂದರು ಬೇಕಿರಲಿಲ್ಲ, ನನಗೆ ಬೇಕಿದ್ದರು.

ಪಡಿಯಚ್ಚೂ ಅದನ್ನೇ ಹೇಳಿತು. ದ ಅಕ್ಷರದ ಕೆಳಗೆ ಒತ್ತು ಇದ್ದಿರಬಹುದಾದ ಜಾಗ ಒಡೆದಿದೆ. ಸಿದ್ದ ಎಂದು ಶುರುವಾಗುವ ಯಾವುದೋ ಹೆಸರಿರಬಹುದು. ಭಕ್ತನೋ ಕಲ್ಲುಕುಟಿಗನೋ, ಅರಸನಂತೂ ಅಲ್ಲ. ವಿಚಾರ ಸಂಕಿರಣದವರಿಗೆ ಸಾರಾಂಶ ಕಳಿಸಿಯಾಗಿತ್ತು. ವಾಪಸು ಪಡೆಯುತ್ತೇನೆ ಎಂದು ಇಮೇಲ್ ಬರೆಯುವಾಗ ಕಾರಣ ಏನು ಹಾಕುವುದೆಂದು ಅರ್ಧ ತಾಸು ಕೂತಿದ್ದೆ.

ಒಂದು ಹೆಸರಿಗೆ ಎಷ್ಟು ಬೆಲೆ ಎಂಬುದು ನಮ್ಮ ಸೀಮೆಯವರಿಗೆ ಗೊತ್ತಿರಬೇಕು. ದೇವಾನಾಂಪಿಯ ಪಿಯದಸಿ ಎಂಬ ಅರಸನೇ ಅಶೋಕನೆಂದು ಸಿಂಹಳದ ಗ್ರಂಥಗಳ ನೆರವಿನಿಂದ 1837ರಲ್ಲಿ ಜಾರ್ಜ್ ಟರ್ನರ್ ಗುರುತಿಸಿದ್ದರೂ, ಅಶೋಕ ಎಂಬ ಹೆಸರೇ ಬಂಡೆಯ ಮೇಲೆ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆಮೇಲೆ ಸಿರುಗುಪ್ಪ ತಾಲೂಕಿನ ನಿಟ್ಟೂರು ಮತ್ತು ಉದೇಗೋಳದ ಬಂಡೆಗಳಲ್ಲೂ ಆ ಹೆಸರು ಸಿಕ್ಕಿತು. ಭತ್ತದ ಗದ್ದೆ, ರೈಸ್ ಮಿಲ್ಲುಗಳ ನಾಡಿನಲ್ಲಿ, ತುಂಗಭದ್ರೆಯ ದಡದಲ್ಲಿ, ಚಕ್ರವರ್ತಿಯೊಬ್ಬನ ಸ್ವಂತ ಹೆಸರಿಗೆ ನಾಲ್ಕಾರು ಗೀರುಗಳು ಸಾಕ್ಷಿ. ಅವುಗಳಲ್ಲಿ ಒಂದು ಗೀರು ಗೀರಲ್ಲದೆ ಬಿರುಕಾಗಿದ್ದರೆ?

ಆ ರಾತ್ರಿಯ ಮೇಲೆ ಬಳ್ಳಾರಿಯ ಕಲ್ಲುಗಳನ್ನು ಚಿತ್ರ ಮಾಡಿದ ಹಿಂದಿನವರ ಕಷ್ಟ ಏನಿತ್ತು ಎಂದು ಹುಡುಕತೊಡಗಿದೆ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಫೋಟೊ ತೆಗೆದ. ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳು. ಆ ಮೇಣದ ಕಾಗದದ ವಿಧಾನವನ್ನು ಕಂಡುಹಿಡಿದವನು ಮೇಲೆ ಹೇಳಿದ ಅದೇ ಲ ಗ್ರೇ. ಕಡಲನ್ನೂ ಆಕಾಶವನ್ನೂ ಒಂದು ಹಾಳೆಗೆ ತಂದವನ ಕಾಗದದ ಮೇಲೆ ನಮ್ಮ ಬಿಸಿಲು ಬಿದ್ದಿತ್ತು. ಆ ಕಾಲದ ರಾಸಾಯನಿಕಕ್ಕೆ ನೀಲಿ ಎಂದರೆ ಅತಿ ಸೂಕ್ಷ್ಮ, ಆಕಾಶ ಸುಟ್ಟು ಖಾಲಿ ಬಿಳಿಯಾಗುತ್ತಿತ್ತು. ಗುಡಿಯ ಒಳಗು ಕಪ್ಪು. ಆದರೆ ಕಲ್ಲಿನ ಮೇಲೆ ಬಿಸಿಲು ಯಾವ ಕಡೆಯಿಂದ ಬಿದ್ದಿತ್ತು ಎಂಬುದು ಆ ಚಿತ್ರಗಳಲ್ಲಿ ಸ್ಪಷ್ಟವಾಗಿದೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದಾಗ, ಸುಮಾರು 130 ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂದು ಹೋಲಿಸಿ ನೋಡಲು ಸಾಧ್ಯವಾಯಿತು.

ಕಪ್ಪಗಲ್ಲಿನ ಕಥೆ ಇದಕ್ಕಿಂತ ನೋವಿನದು. ಬಳ್ಳಾರಿ ನಗರಕ್ಕೆ ಅಂಟಿಕೊಂಡಂತೆ ಇರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬದುಕಿದ್ದರು. ಗ್ರಾನೈಟಿನ ನಡುವೆ ಹಾದುಹೋದ ಕರಿಗಲ್ಲಿನ ಪಟ್ಟಿಯ ಮೇಲೆ ಅವರು ಕುಟ್ಟಿ ಕುಟ್ಟಿ ದನಗಳನ್ನು, ಮನುಷ್ಯರನ್ನು ಬರೆದರು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ. 1892ರಲ್ಲಿ ಮದರಾಸು ಪ್ರಾಂತ್ಯದ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ ಈ ಚಿತ್ರಗಳ ಬಗ್ಗೆ ಬರೆದ. ಮುಂದೆ ವೈನಾಡಿನ ಎಡಕಲ್ಲು ಗುಹೆಯ ಬಗ್ಗೆ ಬರೆದವನೂ ಇವನೇ. ಆಗ ಕೆಲವು ಫೋಟೊಗಳನ್ನೂ ತೆಗೆಯಲಾಗಿತ್ತು. ಅವುಗಳಲ್ಲಿ ಕೆಲವು ಕಳೆದವು, ಉಳಿದವು ಮಾಸಿದವು. ಆಮೇಲೆ ಬಂದವರಲ್ಲಿ ಎಷ್ಟೋ ಜನರಿಗೆ ಆ ಜಾಗವೇ ಸಿಗಲಿಲ್ಲ. 2004ರಲ್ಲಿ ನಿಕೋಲ್ ಬೊವಾ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಆ ಬಂಡೆಚಿತ್ರಗಳನ್ನೂ ಬಂಡೆಯ ನಾದವನ್ನೂ ಕುರಿತು ವಿವರವಾಗಿ ಬರೆಯುವ ಹೊತ್ತಿಗೆ ಗುಡ್ಡಕ್ಕೆ ಕಲ್ಲುಗಣಿಯ ಬಾಯಿ ಹತ್ತಿತ್ತು. ಮಾಸಿದ ಫೋಟೊವನ್ನು ಯಾವ ತಂತ್ರಾಂಶವೂ ಹಿಂದಕ್ಕೆ ತರಲಾರದು, ಹಿಡಿಯದೇ ಬಿಟ್ಟ ಬೆಳಕನ್ನು ಲೆಕ್ಕ ಹಾಕಲು ಬರುವುದಿಲ್ಲ.

ವಿಚಿತ್ರವೆಂದರೆ ಎಚ್‌ಡಿಆರ್ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇಂಥ ಬಂಡೆಗಳಲ್ಲೇ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ತೆಕ್ಕಲಕೋಟೆ ಸಿಗುತ್ತದೆ. 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಉತ್ಖನನ ಮಾಡಿ ನವಶಿಲಾಯುಗದ ಗುಡ್ಡದ ಬದುಕನ್ನು ತೆರೆದಿಟ್ಟ ಊರು. ಅಲ್ಲಿಯ ಬಂಡೆಗಳ ಮೇಲಿನ ಕುಟ್ಟುಚಿತ್ರಗಳಲ್ಲಿ ಆಳವೇ ಇಲ್ಲ. ಬಂಡೆಯ ಹಳೆಯ ಕಪ್ಪು ಸಿಪ್ಪೆ ಎದ್ದು ಒಳಗಿನ ತಿಳಿಬಣ್ಣ ಕಾಣುತ್ತದೆ, ಅಷ್ಟೇ. ಬಿಸಿಲಿಗೆ ಬಂಡೆ ಥಳಥಳಿಸಿದರೆ ಆ ಬಣ್ಣದ ಭೇದ ಕರಗಿಹೋಗುತ್ತದೆ. ಬೇರೆ ಬೇರೆ ಎಕ್ಸ್‌ಪೋಶರಿನ ಐದು ಫೋಟೊಗಳನ್ನು ಜೋಡಿಸಿದಾಗ ಗೂಳಿಯೊಂದರ ಕೊಂಬು ತುದಿಯವರೆಗೆ ಸಿಕ್ಕಿತು. ಬಣ್ಣದಲ್ಲಿರುವ ಗುರುತಿಗೆ ಎಚ್‌ಡಿಆರ್ ಒಳ್ಳೆಯ ಕನ್ನಡಕ. ಶಾಸನದ ಅಕ್ಷರ ಇರುವುದು ಆಳದಲ್ಲಿ, ಆಳ ಕಣ್ಣಿಗೆ ಕಾಣುವುದು ನೆರಳಿನಿಂದ. ಎಚ್‌ಡಿಆರ್ ನೆರಳನ್ನು ಎತ್ತಿ ಬೆಳಕಿನ ಸಮಕ್ಕೆ ತರುತ್ತದೆ. ಅದು ಬೆಳಕಿನ ಪ್ರಮಾಣವನ್ನು ಬದಲಿಸುತ್ತದೆ, ದಿಕ್ಕನ್ನು ಬದಲಿಸುವುದಿಲ್ಲ. ಹುಡುಗನ ಟಾರ್ಚು ಬದಲಿಸಿದ್ದು ದಿಕ್ಕನ್ನು. ಕ್ಯಾಮೆರಾವನ್ನು ಒಂದೇ ಕಡೆ ಇಟ್ಟು ದೀಪವನ್ನು ಸುತ್ತ ಸರಿಸುತ್ತ ಹತ್ತಾರು ಚಿತ್ರ ತೆಗೆದು, ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಹಾಯಿಸುವ ವಿಧಾನವೊಂದನ್ನು ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ತಂಡ 2001ರಲ್ಲೇ ಪ್ರಕಟಿಸಿತ್ತು ಎಂದು ನನಗೆ ಗೊತ್ತಾದದ್ದು ಇದೆಲ್ಲ ಆದ ಮೇಲೆ. ಅದಕ್ಕೂ ಮುಂಚೆ ಹಲ್ಲಿ ಹುಡುಕುವವರಿಗೆ ಅದು ಗೊತ್ತಿತ್ತು.

ಅಧ್ಯಾಯದ ನಾಲ್ಕು ಪುಟ ಈಗ ಅರ್ಧ ಪುಟವಾಗಿದೆ. ಪಾಠದಲ್ಲಿ ಸಿ, ಚೌಕ ಕಂಸದೊಳಗೆ ಎರಡು ಚುಕ್ಕೆ, ದ ಎಂದಷ್ಟೇ ಕೊಟ್ಟಿದ್ದೇನೆ. ಪಡಿಯಚ್ಚಿನ ಚಿತ್ರ, ಅಡ್ಡಬೆಳಕಿನ ಚಿತ್ರ ಎರಡೂ ಅನುಬಂಧದಲ್ಲಿವೆ. ಐದು ಮೂಲ ಫೋಟೊಗಳನ್ನು ತಿದ್ದದೆ ಹಾಗೆಯೇ ಇಟ್ಟಿದ್ದೇನೆ. ಸುಂದರವಾದ ಆ ಒಂದು ಚಿತ್ರವನ್ನು ಮಾತ್ರ ಪ್ರಬಂಧದಿಂದ ತೆಗೆದೆ.

ಗೆಳೆಯನಿಗೆ ಅದನ್ನು ಕಳೆಯಲು ಮನಸ್ಸಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ, ಅಂಗಡಿಯ ಬಾಗಿಲ ಎದುರಿನ ಗೋಡೆಗೆ ತೂಗುಹಾಕಿದ್ದಾನೆ. ಮೊನ್ನೆ ಹೋದಾಗ ಮದುವೆಗೆ ಮುಂಗಡ ಕೊಡಲು ಬಂದ ದಂಪತಿ ಅದರ ಮುಂದೆ ನಿಂತಿದ್ದರು. "ಹಂಪಿಯೇನ್ರೀ?" ಎಂದು ಹೆಂಗಸು ಕೇಳಿದರು. ಕುರುಗೋಡು ಎಂದೆ. "ನಮ್ಮ ಕುರುಗೋಡಾ? ನಾವು ಅಲ್ಲೇರ ಅದೀವಲ್ರೀ, ಎಲ್ಲೈತ್ರೀ ಇದು?" ಎಂದು ಅವರ ಯಜಮಾನರು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಕಂಬದ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು ಓದಲು ಶುರುಮಾಡಿದರು.